ಹಲಗೆಯ ಸಂದಿನಲ್ಲಿ ಎರಡು ವರ್ಷ

ನಾನು ಒಂದು ಉಣ್ಣಿ. ದನದ ಕಿವಿಗೋ ನಾಯಿಯ ಕುತ್ತಿಗೆಗೋ ದಿನಗಟ್ಟಲೆ ಜೋತುಬೀಳುವ ಜಾತಿಯಲ್ಲ. ಹಗಲೆಲ್ಲ ಕೋಳಿಗೂಡಿನ ಬಿರುಕಿನಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಹೊರಬಂದು ಅರ್ಧ ಗಂಟೆ ರಕ್ತ ಕುಡಿದು ಮತ್ತೆ ಬಿರುಕು ಸೇರುವ ಕೋಳಿ ಉಣ್ಣಿ.

ಹುಟ್ಟಿದ್ದು ಕಾಸೀಮಸಾಬರ ಗೂಡಿನಲ್ಲಿ. ಹಳೆಯ ಬಂಡಿಯ ಹಲಗೆಗಳನ್ನು ಬಿಚ್ಚಿ ಅವರೇ ಮೊಳೆ ಹೊಡೆದು ಮಾಡಿದ ಗೂಡು ಅದು. ಎರಡು ಹಲಗೆ ಕೂಡುವ ಕಡೆ ಸಣ್ಣ ಸಂದು ಉಳಿದಿತ್ತು. ನನ್ನ ತಾಯಿ ಅಲ್ಲಿ ಮೊಟ್ಟೆಯಿಟ್ಟಿದ್ದಳು. ಹುಟ್ಟಿದಾಗ ನನಗೆ ಆರೇ ಕಾಲು. ಒಂದು ಹೇಂಟೆಯ ರೆಕ್ಕೆಯಡಿ ವಾರವಿಡೀ ಕಚ್ಚಿಕೊಂಡಿದ್ದು, ಹೊಟ್ಟೆ ತುಂಬಿದ ಮೇಲೆ ಉದುರಿ, ಸಂದಿನಲ್ಲಿ ಪೊರೆ ಕಳಚಿದೆ. ಆಮೇಲೆ ಎಂಟು ಕಾಲಾದವು. ಕಣ್ಣು ಮಾತ್ರ ಬರಲೇ ಇಲ್ಲ. ಉಸಿರು, ಮೈಬಿಸಿ ಎಲ್ಲ ನನಗೆ ಮುಂಗಾಲಿನಲ್ಲೇ ತಿಳಿಯುತ್ತದೆ. ಮನುಷ್ಯರ ಮಾತು ಹಲಗೆಯ ನಡುಕವಾಗಿ ಬರುತ್ತದೆ.

ಕಾಸೀಮಸಾಬರ ಕೋಳಿಗಳು ಒಂದೊಂದಾಗಿ ಸತ್ತವು. "ಕೋಳಿ ಸಾಕೂದು ನಮಗ ಆಗಿ ಬರಂಗಿಲ್ಲ ಬಿಡು" ಎಂದು ಹೆಂಡತಿಗೆ ಹೇಳಿ, ಗೂಡನ್ನು ಹಿತ್ತಲಿನ ಮೂಲೆಗೆ ಎಳೆದಿಟ್ಟರು.

ಅಲ್ಲಿಂದ ಎರಡು ವರ್ಷ ಆ ಗೂಡಿಗೆ ಒಂದು ಪುಕ್ಕವೂ ಬರಲಿಲ್ಲ.

ಗೂಡಿನ ಮೇಲೆ ತಗಡು. ನಮ್ಮ ಸೀಮೆಯ ಬೇಸಿಗೆಯಲ್ಲಿ ಅದು ಕಾದ ಹಂಚಾಗುತ್ತಿತ್ತು. ನಮ್ಮಂಥವರಿಗೆ ಹಸಿವಿಗಿಂತ ಒಣಗಿಹೋಗುವ ಭಯ ದೊಡ್ಡದು. ನನ್ನ ತೊಗಲು ಚರ್ಮದ ಚೀಲದಂತೆ ಗಟ್ಟಿ, ಅದರ ಮೇಲೆ ತೆಳ್ಳಗೆ ಮೇಣ. ಮೈಯ ನೀರು ಹೊರಹೋಗದಂತೆ ಉಸಿರಿನ ತೂತುಗಳನ್ನು ಮುಚ್ಚಿಕೊಂಡು, ಬೇಕಾದಾಗ ಮಾತ್ರ ಒಮ್ಮೆ ತೆರೆಯುತ್ತಿದ್ದೆ. ಹತ್ತಿಪ್ಪತ್ತು ಮಂದಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದೆವು. ನಡುವೆ ಇದ್ದವರು ಉಳಿದರು, ಅಂಚಿನವರು ಒಣಗಿ ಹೊಟ್ಟಾದರು. ನಾನು ನಡುವೆ ಇದ್ದೆ, ಅಷ್ಟೇ. ಮೊದಲ ಮಳೆ ಬಿದ್ದಾಗ ಗಾಳಿಯಲ್ಲಿದ್ದ ತೇವವನ್ನೇ ಬಾಯಿಂದ ಹೀರಿಕೊಂಡೆ. ಹೊಟ್ಟೆ ಬೆನ್ನಿಗೆ ಹತ್ತಿ ಒಣಗಿದ ಎಲೆಯ ಹಾಗಾಗಿದ್ದೆ. ಆದರೂ ಜೀವವಿತ್ತು.

ಮೂರನೆಯ ವರ್ಷ ಓಣಿಯ ಆ ಕೊನೆಯ ಫಕೀರವ್ವ ಬಂದಳು. "ಗೂಡು ಸುಮ್ಮನ ಬಿದ್ದೈತಲ್ಲ ಕಾಕಾ, ನಾ ಒಯ್ಲೇನು?"

"ಒಯ್ಯವಾ. ಗೆದ್ದಲ ತಿನ್ನೂದಕಿಂತ ಬೇಷಿ" ಎಂದರು ಕಾಸೀಮಸಾಬರು.

ಅವಳು ಗೂಡನ್ನು ತನ್ನ ಅಂಗಳಕ್ಕೆ ಒಯ್ದು ಐದು ಹೇಂಟೆ, ಒಂದು ಹುಂಜ ಬಿಟ್ಟಳು. ಆ ಮೊದಲ ಊಟದ ಸುಖವನ್ನು ಹೇಗೆ ಹೇಳಲಿ. ಬಿಸಿ ರಕ್ತ ಒಳಗಿಳಿದಂತೆ ಮೈಯ ಮಡಿಕೆಗಳೆಲ್ಲ ಬಿಚ್ಚಿಕೊಂಡವು. ಬದುಕಿದೆ ಎಂದುಕೊಂಡೆ.

ಫಕೀರವ್ವನ ಪಕ್ಕದ ಮನೆ ನೀಲವ್ವನದು. ಇಬ್ಬರ ಅಂಗಳಗಳ ನಡುವೆ ಕಲ್ಲಿನ ಗಿಡ್ಡ ಗೋಡೆ. ಸಾರು, ಸುದ್ದಿ, ಸಿಟ್ಟು ಎಲ್ಲ ಆ ಗೋಡೆಯ ಮೇಲಿಂದಲೇ ದಾಟುತ್ತಿದ್ದವು. ಒಂದು ದಿನ ಕೋಳಿಗಳು ಗೋಡೆ ಹಾರಿ, ನೀಲವ್ವ ಒಣಹಾಕಿದ್ದ ಜೋಳ ಕೆದರಿದವು. "ನಿನ್ನ ಕೋಳಿ ಸತ್ತು ಹೋಗ್ಲಿ" ಎಂದು ಅವಳು ಕೂಗಿದಳು.

ವಾರದೊಳಗೆ ಒಂದು ಹೇಂಟೆ ರೆಕ್ಕೆ ಇಳಿಬಿಟ್ಟು, ಹಸಿರು ಹಿಕ್ಕೆ ಹಾಕಿ, ಕಾಲು ಸೋತು ಸತ್ತಿತು. ಮರುದಿನ ಇನ್ನೊಂದು.

"ಅಂದ ಮಾತು ಖರೆ ಮಾಡಿದಿ. ಜ್ವಾಳದಾಗ ಇಲಿ ಪಾಷಾಣ ಕಲಸಿ ಹಾಕಿದಿ" ಎಂದಳು ಫಕೀರವ್ವ.

ನೀಲವ್ವ ಗೋಡೆಯ ಹತ್ತಿರಕ್ಕೆ ಬಂದಳು. ಆಮೇಲೆ ಸಣ್ಣ ದನಿಯಲ್ಲಿ, "ಇಪ್ಪತ್ತು ವರ್ಷ ನಿನ್ನ ಬಾಜೂಕ ಅದೀನಿ. ನನ್ನ ಇಂಥಾಕಿ ಅಂತ ತಿಳಕೊಂಡಿಯೇನು?" ಎಂದಳು.

ನನಗೆ ಆಗ ಹೊಳೆಯಿತು. ಎರಡು ವರ್ಷ ಉಪವಾಸವಿದ್ದ ನನ್ನೊಳಗೆ ಇನ್ನೊಂದು ಜೀವವೂ ಉಳಿದುಕೊಂಡಿತ್ತು. ಕಾಸೀಮಸಾಬರ ಕೋಳಿಗಳಿಂದ ಬಂದ ಜ್ವರದ ಕ್ರಿಮಿ ಅದು. ನಾನು ಕುಡಿಯುವಾಗ ಅದು ಕೋಳಿಯೊಳಗೆ ಇಳಿಯುತ್ತಿತ್ತು. ಕೊಂದವಳು ನಾನು, ಬೈಸಿಕೊಂಡವಳು ನೀಲವ್ವ. ಹೇಳೋಣವೆಂದರೆ ನನ್ನ ಬಾಯಿ ಇರುವುದು ಕಚ್ಚುವುದಕ್ಕೆ ಮಾತ್ರ.

ಗೋಡೆಯ ಮೇಲೆ ಮಾತು ನಿಂತಿತು. ಓಣಿಯವರು ನೀಲವ್ವನ ಮನೆಯ ಮಜ್ಜಿಗೆ ಮುಟ್ಟುವುದನ್ನೂ ಬಿಟ್ಟರಂತೆ. ಮೂರನೆಯ ಕೋಳಿ ಸತ್ತ ದಿನ ನೀಲವ್ವ ತಾನೇ ಗೋಡೆ ದಾಟಿ ಬಂದಳು. ಸತ್ತ ಕೋಳಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಬಸ್ಸು ಹತ್ತಿ ತಾಲೂಕಿನ ದನದ ದವಾಖಾನೆಗೆ ಹೋದಳು.

ಸಂಜೆಯೊಳಗೆ ಅಲ್ಲಿನ ಡಾಕ್ಟರ್ ವಿದ್ಯಾವತಿಯವರನ್ನು ಕರೆದುಕೊಂಡೇ ಬಂದಳು. ಅವರು ಚಾಕುವಿನಿಂದ ನಮ್ಮ ಸಂದನ್ನು ಮೀಟಿದರು. ಹೊರಗಿನ ಗಾಳಿ ಒಳನುಗ್ಗಿತು. ಪಕ್ಕದವರು ಪಟಪಟ ಉದುರಿದರು.

"ಕೋಳಿ ಕೊಯ್ದು ನೋಡೀನಿ, ಹೊಟ್ಯಾಗ ವಿಷ ಇದ್ದಿಲ್ಲ. ಇವು ಕಚ್ಚಿ ಜ್ವರ ಬಂದೈತಿ" ಎಂದರು ಡಾಕ್ಟರು. "ಉಳಿದ ಕೋಳಿಗೆ ಇಂಜೆಕ್ಷನ್ ಮಾಡ್ತೀನಿ. ಗೂಡು ಇವತ್ತ ಸುಟ್ಟುಬಿಡ್ರಿ. ಇವು ಉಪವಾಸ ಕೆಡವಿದ್ರ ಸಾಯೂವಲ್ಲ."

ಫಕೀರವ್ವ ನೆಲಕ್ಕೆ ಕೂತಳು. "ತಪ್ಪಾತು ನೀಲಾ" ಎಂದಳು.

"ಸಾಯ್ಲಿ ಅಂದಿದ್ದು ಖರೆನ. ಅದು ನಂದೂ ತಪ್ಪ" ಎಂದಳು ನೀಲವ್ವ. ಆಮೇಲೆ ಅವಳಿಗೆ ಅಳು ಬಂತು. ಅಷ್ಟು ದಿನ ಅತ್ತಿರಲಿಲ್ಲ. ಅಳುತ್ತಲೇ, "ಒಂದು ತಂಬಿಗಿ ನೀರು ಕೊಡು, ಬಸ್ಸಿನ್ಯಾಗ ನಿಂತ ಬಂದೀನಿ" ಎಂದಳು. ಫಕೀರವ್ವ ಓಡಿದಳು.

ಹಲಗೆ ಕಿತ್ತು ಗೋಡೆಗೆ ಒರಗಿಸುವಾಗ ನಾನು ಜಾರಿ ಕಲ್ಲುಗಳ ನಡುವೆ ಬಿದ್ದೆ. ಗೂಡು ಉರಿದ ಬಿಸಿ ನನ್ನ ಬೆನ್ನಿಗೂ ತಾಗಿತು. ನನ್ನ ಮೊಟ್ಟೆಗಳು ಅಲ್ಲೇ ಹೋದವು. ದುಃಖವಾಗಬೇಕಿತ್ತು. ಆದರೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು.

ಉಳಿದ ಮೂರು ಕೋಳಿಗಳು ಬದುಕಿದವು. ಅವುಗಳ ಹೊಸ ಗೂಡು ಕಬ್ಬಿಣದ್ದು, ಅದರ ಕಾಲುಗಳು ಎಣ್ಣೆಯ ಬಟ್ಟಲಲ್ಲಿ ನಿಂತಿವೆ. ನಾನು ಅಲ್ಲಿಗೆ ಹತ್ತಲಾರೆ. ಹತ್ತುವ ವಯಸ್ಸೂ ಅಲ್ಲ. ನನಗೀಗ ಮುಪ್ಪು, ಕಾಲುಗಳಲ್ಲಿ ಎರಡು ಮುರಿದಿವೆ. ಕಲ್ಲಿನ ಸಂದು ತಂಪಾಗಿದೆ, ಇನ್ನೊಂದು ಬೇಸಿಗೆ ಕಳೆಯಬಹುದೇನೋ.

ಮುಂಜಾನೆ ಆ ಕಡೆಯಿಂದ ನೀಲವ್ವ, ಈ ಕಡೆಯಿಂದ ಫಕೀರವ್ವ ಗೋಡೆಗೆ ಮೊಣಕೈ ಊರಿ ನಿಲ್ಲುತ್ತಾರೆ. ಯಾರ ಸೊಸೆ ಬಸುರಿ, ಯಾರ ಎಮ್ಮೆ ಈಯಿತು, ಅಷ್ಟೇ ಮಾತು. ಆವತ್ತು ನಾವು ಸಿಕ್ಕಿಬಿದ್ದದ್ದು ಒಳ್ಳೆಯದೇ ಆಯಿತು. ಸಿಕ್ಕದೇ ಹೋಗಿದ್ದರೆ ನಾನು ಇನ್ನೂ ನಾಲ್ಕು ಸಲ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೆ, ಇವರಿಬ್ಬರು ಮಾತಿಲ್ಲದೆ ಮುದುಕಿಯರಾಗುತ್ತಿದ್ದರು.