ಆರ್ಕಿಡ್ಡಿಗೆ ತಗಲಿದ ಮುಟ್ಟು

ಕುರುಗೋಡಿನ ಬಸ್ಸು ಬಳ್ಳಾರಿ ಸೇರುವ ಹೊತ್ತಿಗೆ ಹೇಮಾಳ ಸಿಟ್ಟು ನೆತ್ತಿಗೇರಿತ್ತು. ಪಕ್ಕದಲ್ಲಿ ಕೂತ ವರದಾ, ಕಿಟಕಿಯಾಚೆ ಎಂದೂ ಕಾಣದ್ದೇನೋ ಕಂಡವಳ ಹಾಗೆ ಕುತ್ತಿಗೆ ಆ ಕಡೆಗೇ ತಿರುಗಿಸಿಕೊಂಡಿದ್ದಳು. ಇಬ್ಬರೂ ಕುರುಗೋಡಿನ ಒಂದೇ ಹೈಸ್ಕೂಲಿನ ಟೀಚರುಗಳು. ವರ್ಷಗಟ್ಟಲೆ ಒಂದೇ ಬಸ್ಸು, ಒಂದೇ ಸೀಟು, ಒಬ್ಬಳ ಡಬ್ಬಿಯ ಚಟ್ನಿಪುಡಿ ಇನ್ನೊಬ್ಬಳ ರೊಟ್ಟಿಗೆ. ಇವತ್ತು ಮಾತ್ರ ಇಬ್ಬರ ನಡುವೆ ಒಂದು ಗಿಡ ಬಂದು ಕೂತಿತ್ತು.

ಕೌಲ್ ಬಜಾರಿನ ತನ್ನ ಮನೆಯಲ್ಲಿ ಹೇಮಾ ಗೋಣಿತಾಟಿನ ಪರದೆ ಕಟ್ಟಿ ನೀರು ಚಿಮುಕಿಸಿ, ಕುಂಡಗಳಿಗೆ ಇದ್ದಿಲು, ತೆಂಗಿನ ನಾರು ತುಂಬಿ, ಬಳ್ಳಾರಿಯ ಬಿಸಿಲಿನ ಜೊತೆ ಹಟಕ್ಕೆ ಬಿದ್ದವಳಂತೆ ಆರ್ಕಿಡ್ ಬೆಳೆಸುತ್ತಿದ್ದಳು. ಚಿಟ್ಟೆಯಂಥ ಬಿಳಿ ಹೂ ಬಿಡುವುದೊಂದನ್ನು, ವರದಾ ಹೊಸ ಫ್ಲ್ಯಾಟಿಗೆ ಬಂದಾಗ ಆಕೆಗೆ ಕೊಟ್ಟಿದ್ದಳು. ಆಗಾಗ ಹೋಗಿ ಎಲೆ ಒರೆಸಿ, ಬೇರು ನೋಡಿ ಬರುತ್ತಿದ್ದಳು. ಈಗ ಆ ಎಲೆ ಕಪ್ಪಾಗುತ್ತಿದೆಯಂತೆ. ವರದಾಳ ಅತ್ತೆ ಇಂದಿರಾಬಾಯಿ ಅದಕ್ಕೆ ಕಾರಣವನ್ನೂ ಹುಡುಕಿಟ್ಟಿದ್ದರು: ಹೇಮಾ ಮುಟ್ಟಿದ್ದು. ಇನ್ನು ಮೇಲೆ ಆಕೆ ಗಿಡ ಮುಟ್ಟುವುದು ಬೇಡ.

ಇಷ್ಟು ಹೇಳಿದ ಮೇಲೆ ವರದಾ, ಗೆಳತಿ ನೊಂದುಕೊಂಡಾಳೆಂದು, ಗಾಯಕ್ಕೆ ಮುಲಾಮು ಹಚ್ಚಲು ಹೋಗಿದ್ದಳು.

“ಅವರು ಅಂದಿದ್ದು ತಿಂಗಳ ಮುಟ್ಟಿಗೆ, ಹೇಮಾ. ಆ ಮುಟ್ಟಿಗಲ್ಲ.”

“ಯಾವ ಮುಟ್ಟು ಅಂತ ಕೇಳಿದ್ರೇನ್ರಿ ವರದಕ್ಕ ನೀವು?”

ವರದಾ ಕೇಳಿರಲಿಲ್ಲ. ಆವಾಗಿನಿಂದಲೇ ಆಕೆಗೆ ಕಿಟಕಿ ಬೇಕಾದದ್ದು.

ಆ ಮುಟ್ಟಲ್ಲ, ಈ ಮುಟ್ಟು ಅಂದರೆ ಸಮಾಧಾನ ಆಗಬೇಕಂತೆ. ಹೊಡೆದದ್ದು ಚಪ್ಪಲಿಯಿಂದ ಅಲ್ಲ ತಾಯಿ, ಪೊರಕೆಯಿಂದ ಅಂದಹಾಗಾಯಿತು. ಹೇಮಾ ಸಿರುಗುಪ್ಪದ ಕಡೆಯ ಕರೂರಿನಲ್ಲಿ, ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವಳು. ಆಕೆಯ ಅವ್ವ ಮಾರೆಮ್ಮ ಆಯುಷ್ಯವನ್ನೆಲ್ಲ ಕಂಡವರ ಗದ್ದೆಯಲ್ಲಿ ಬಗ್ಗಿ ಭತ್ತದ ಸಸಿ ಹಚ್ಚಿದವಳು. ಯಾವ ಸಾಹುಕಾರನೂ ಬದುವಿನ ಮೇಲೆ ನಿಂತು, ಮಾರೆಮ್ಮ, ನಿನಗಿವತ್ತು ಮುಟ್ಟೇನು ಅಂತ ಕೇಳಲಿಲ್ಲ. ಆ ಭತ್ತ ಹುಲುಸಾಗಿಯೇ ಬೆಳೆದು, ಸಿರುಗುಪ್ಪದ ಮಿಲ್ಲಿನಲ್ಲಿ ಅಕ್ಕಿಯಾಗಿ, ಬಳ್ಳಾರಿಯ ದೇವರ ನೈವೇದ್ಯಕ್ಕೂ ಬಂದಿತ್ತು. ಭತ್ತಕ್ಕಿಲ್ಲದ ಮಡಿ ಈ ಅಡವಿ ಗಿಡಕ್ಕೆ ಎಲ್ಲಿಂದ ಬಂತು?

ಬಸ್ಸಿಳಿದವಳೇ ಹೇಮಾ ವರದಾಳ ಮನೆಗೆ ಆಟೋ ಕರೆದಳು. ಇವತ್ತು ಬೇಡ, ಅತ್ತೆಗೆ ಏಕಾದಶಿ, ಉಪವಾಸದ ಸಿಟ್ಟಿರುತ್ತದೆ ಅಂದಳು ವರದಾ. ಇರಲಿ, ನನ್ನದು ಹೊಟ್ಟೆ ತುಂಬ ಉಂಡವರ ಸಿಟ್ಟು, ನೋಡೋಣ ಅಂದಳು ಹೇಮಾ.

ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಇಂದಿರಾಬಾಯಿ ಹೂಬತ್ತಿ ಮಾಡುತ್ತಾ ಕೂತಿದ್ದರು. ಬಾ ಹೇಮಾ, ಕೂಡು, ಬಿಸಿಲಾಗ ಬಂದಿ, ನೀರು ಕುಡಿ, ಆದರ ಬಾಲ್ಕನಿಗೆ ಮಾತ್ರ ಹೋಗಬ್ಯಾಡ ಅಂದರು. ದನಿಯಲ್ಲಿ ಒಂದಿಷ್ಟೂ ಕಹಿ ಇರಲಿಲ್ಲ. ಅದೇ ಹೇಮಾಳಿಗೆ ಹೆಚ್ಚು ಉರಿಯಿತು. ನೀರು ಮುಟ್ಟದೆ ನೇರ ಬಾಲ್ಕನಿಗೆ ನಡೆದಳು.

ಬಿಸಿಲು ಸುಟ್ಟಿದ್ದರೆ ಬಿಸಿಲಿನ ಕಡೆಯ ಎಲೆಯ ಮೇಲೆ ಬಿಳಿಚಿದ ಒಣ ಕಲೆ ಬೀಳಬೇಕು, ಹಪ್ಪಳದ ಹಾಗೆ. ಇಲ್ಲಿ ಬಾಲ್ಕನಿಗೆ ನೆರಳಿನ ಬಲೆ ಕಟ್ಟಿತ್ತು, ಅಂಥ ಕಲೆ ಒಂದೂ ಇರಲಿಲ್ಲ. ನೀರು ಹೆಚ್ಚಾಗಿದ್ದರೆ ಬೇರು ಕೊಳೆತು ಕೆಳಗಿನ ಎಲೆ ಮೊದಲು ಹಳದಿಯಾಗಿ ಜೋತು ಬೀಳಬೇಕು. ಬೇರನ್ನು ಒತ್ತಿ ನೋಡಿದಳು, ಗಟ್ಟಿಯಾಗಿತ್ತು. ಕೆಳಗಿನ ಎಲೆಗಳು ತೊಗಲಿನಂತೆ ದಪ್ಪಗೇ ಇದ್ದವು. ಕೆಟ್ಟಿದ್ದು ನಟ್ಟನಡುವೆ, ಸುಳಿಯಲ್ಲಿ. ಎಳೆಯ ಎಲೆಯನ್ನು ಹಿಡಿದದ್ದೇ ತಡ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೈಗೆ ಬಂತು. ಅದರ ಬುಡ ಕರ್ರಗೆ ಲೋಳೆಯಾಗಿತ್ತು. ಮೂಗಿಗೆ ಹಿಡಿದರೆ ಕೆಟ್ಟ ಮೊಸರಿನ ವಾಸನೆ. ಬಗ್ಗಿ ನೋಡಿದಳು: ಸುಳಿಯೊಳಗೆ ಇರುವೆಗಳ ಜಾತ್ರೆ, ಅವುಗಳ ನಡುವೆ ಕೊಳೆತ ಒಂದು ತುಳಸಿ ದಳ.

ಪಂಚಾಮೃತದ ಬಟ್ಟಲು ತೊಳೆದ ನೀರು ಎಲ್ಲಿ ಹಾಕ್ತೀರಮ್ಮ ಅಂತ ಅಲ್ಲಿಂದಲೇ ಕೇಳಿದಳು.

ಇಂದಿರಾಬಾಯಿ ಪಾಠ ಒಪ್ಪಿಸುವವರಂತೆ ಹೇಳಿದರು. “ಬಚ್ಚಲಿಗೆ ಹಾಕಲಿಕ್ಕೆ ಬರೋದಿಲ್ಲ. ತುಳಿಯೋ ಜಾಗದಾಗ ಚೆಲ್ಲಲಿಕ್ಕೆ ಬರೋದಿಲ್ಲ. ನಿರ್ಮಾಲ್ಯ ತುಳಸಿಗೂ ಹಾಕಬಾರದು. ಇನ್ನ ಉಳಿದದ್ದು ಅದೊಂದೇ ಗಿಡ ಅಲ್ಲೇನು?”

ದಿನಾ ಬೆಳಿಗ್ಗೆ, ಭಕ್ತಿಯಿಂದ, ಗಿಡದ ನೆತ್ತಿಯ ಮೇಲೆಯೇ. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ಸುಳಿಯಲ್ಲಿ ಬರೀ ನೀರು ನಿಂತರೂ ಕೊಳೆಯುವ ಗಿಡಕ್ಕೆ ನಿತ್ಯವೂ ಅಭಿಷೇಕ.

ಹೇಮಾ ಎಲೆಯನ್ನು ತಂದು ತೋರಿಸಿ ಇದನ್ನೇ ಹೇಳಿದಳು. ಇಂದಿರಾಬಾಯಿ ಎಲೆಯನ್ನು ನೋಡಲೂ ಇಲ್ಲ. ದೇವರ ನೀರಿಗೆ ಗಿಡ ಕೊಳೆತದ್ದು ತಾವು ಕೇಳಿಲ್ಲ, ಹಳೇ ಮನೆಯಲ್ಲಿ ಮಲ್ಲಿಗೆಗೆ ಹಾಕಿದ್ದೇವೆ, ಕರಿಬೇವಿಗೆ ಹಾಕಿದ್ದೇವೆ, ಯಾವುದೂ ಸತ್ತಿಲ್ಲ. ಅಷ್ಟು ಸಂಕಟ ಆಗಿದ್ದರೆ ಗಿಡ ನೀನೇ ತೊಗೊಂಡು ಹೋಗು, ಜಗಳ ಮುಗೀತು ಅಂದರು.

“ಒಯ್ಯಂಗಿಲ್ಲ. ನಾ ಇದನ್ನ ಎತ್ತಿಕೊಂಡು ಮೆಟ್ಲ ಇಳಿದ್ರ, ತಪ್ಪು ನಂದೇ ಅಂತ ಒಪ್ಪಿಕೊಂಡಂಗ ಆಗ್ತೈತಿ. ಬದುಕಲಿ, ಸಾಯಲಿ, ನಿಮ್ಮ ಕಣ್ಣೆದುರಿಗೆ ಇಲ್ಲೇ ಇರಲಿ.”

ಕತ್ತರಿ ಕೇಳಿದಳು, ವರದಾ ತಂದಳು. ಚಕ್ಕೆ ಪುಡಿ ಕೇಳಿದಳು, ಅದನ್ನೂ ತಂದಳು. ಹೇಮಾ ಕೊಳೆತದ್ದನ್ನೆಲ್ಲ ಕತ್ತರಿಸಿ, ಕೊಳೆ ಹಬ್ಬದಂತೆ ಗಾಯಕ್ಕೆ ಚಕ್ಕೆ ಪುಡಿ ಉದುರಿಸಿ, ಇನ್ನು ನೆತ್ತಿಗೆ ಹನಿ ನೀರೂ ಬೀಳಬಾರದೆಂದು ಹೇಳಿ ಹೊರಟಳು. ಅಷ್ಟು ಹೊತ್ತೂ ವರದಾ ಪುಡಿಯ ಡಬ್ಬಿ ಹಿಡಿದು ಕಂಬದಂತೆ ನಿಂತಿದ್ದಳು. ಬಾಯಿಂದ ಒಂದು ಮಾತು ಬರಲಿಲ್ಲ.

ಬಂದದ್ದು ಮೆಟ್ಟಿಲ ಮೇಲೆ, ಹಿಂದೆಯೇ ಓಡಿ ಬಂದು, ಪಿಸುದನಿಯಲ್ಲಿ.

“ನನಗ ಗೊತ್ತಿತ್ತು ಹೇಮಾ. ಸುಳಿಯೊಳಗ ಹಾಕೋದು ದಿನಾ ನೋಡ್ತಿದ್ದೆ. ಬೈಸ್ಕೋಳೋದು ಯಾಕ ಅಂತ ಸುಮ್ಮನಿದ್ದೆ.”

ಹೇಮಾ ಮೆಟ್ಟಿಲಲ್ಲೇ ನಿಂತಳು. ಇಷ್ಟು ಹೊತ್ತು ತನ್ನ ಸಿಟ್ಟು ಬಡಿಯಬೇಕಾದ ಬಾಗಿಲು ಬಿಟ್ಟು ಬೇರೆ ಬಾಗಿಲು ಬಡಿದಿತ್ತು. ಆ ಮುದುಕಿಗಾದರೂ ಗೊತ್ತಿರಲಿಲ್ಲ.

“ನೀವು ಬೈಗಳ ತಪ್ಪಿಸ್ಕೊಳ್ಳಾಕ ನನ್ನ ಕೈ ಬೇಕಾತೇನ್ರಿ, ವರದಕ್ಕ? ಬಸ್ಸಿನಾಗ ಕುಂತು ಆ ಮುಟ್ಟು, ಈ ಮುಟ್ಟು ಅಂತ ನನಗ ಪಾಠ ಬ್ಯಾರೆ ಮಾಡಿದ್ರಿ.”

ವರದಾ ಕ್ಷಮಿಸು ಅಂದಳು. ಕಣ್ಣಲ್ಲಿ ನೀರೂ ಬಂತು.

“ನನಗ್ಯಾಕ ಹೇಳ್ತೀರಿ? ನನ್ನ ಕೈ ಎಂಥದು ಅಂತ ನನಗ ಗೊತ್ತೈತಿ. ಮ್ಯಾಲ ಹೋಗಿ ಹೇಳ್ರಿ. ನಾ ಇಲ್ಲೇ ನಿಂತಿರ್ತೀನಿ.”

ತರಕಾರಿ ಚೀಲ ಹಿಡಿದು ಹತ್ತಿ ಬಂದ ಎರಡನೇ ಮಹಡಿಯ ಚಿದಾನಂದಪ್ಪ, ಏನ್ರಿ ಟೀಚರಮ್ಮಾರ, ಮೆಟ್ಲ ಮ್ಯಾಲ ನಿಂತೀರಿ, ಕರೆಂಟ್ ಹೋಗೈತೇನು ಅಂತ ಕೇಳಿದರು. ಇಬ್ಬರ ಮುಖವನ್ನೂ ನೋಡಿ, ಸದ್ದಿಲ್ಲದೆ ತಮ್ಮ ಮನೆ ಸೇರಿಕೊಂಡರು.

ವರದಾ ಸೆರಗಿನಿಂದ ಮುಖ ಒರೆಸಿಕೊಂಡು ಮೇಲೆ ಹತ್ತಿದಳು. ಬಾಗಿಲು ತೆರೆದೇ ಇತ್ತು. ಮೊದಲು ಏನೋ ಗುಣುಗುಣು. ಏನಂದಿ, ಕೇಳಿಸಲಿಲ್ಲ ಅಂದರು ಇಂದಿರಾಬಾಯಿ. ಆಗ ಕುರುಗೋಡಿನಲ್ಲಿ ಹಿಂದಿನ ಬೆಂಚಿನವರಿಗೆ ಮುಟ್ಟಿಸುವ ದನಿ ಮೆಟ್ಟಿಲಿಳಿದು ಬಂತು.

“ಗಿಡ ಕೆಡಿಸಿದ್ದು ನಾವು, ಅತ್ತೆ. ಹೇಮಾ ಅಲ್ಲ. ನನಗ ಮೊದಲೇ ಗೊತ್ತಿತ್ತು.”

ಎರಡನೇ ಮಹಡಿಯ ಬಾಗಿಲು ಒಂದು ಬೆರಳಿನಷ್ಟು ತೆರೆದುಕೊಂಡಿತು. ಹೇಮಾ ಆ ಕಡೆ ನೋಡಲಿಲ್ಲ, ಕೆಳಗೂ ಇಳಿಯಲಿಲ್ಲ. ಇಂದಿರಾಬಾಯಿ ಏನನ್ನುತ್ತಾರೋ ಅದನ್ನೂ ಕೇಳಿಯೇ ಹೋಗುವುದೆಂದು, ಕಂಬಿ ಹಿಡಿದು, ಮುಖ ಮೇಲಕ್ಕೆತ್ತಿ ನಿಂತಳು.