ಬಾಗಿಲು ತೆರೆದೇ ಇತ್ತು

"ಕೈ ಇಳ್ಸೇ. ನಿಂಗೇನು ಉಚ್ಚೆ ಹುಯ್ಯಕ್ಕೆ ಸಂಬಳ ಕೊಡ್ತಾರಾ?"

ರಸ್ಟಿ ಇದನ್ನು ಫೆಲಿಪಾಳ ಕಿವಿಯ ಹತ್ತಿರ ಬಾಯಿ ತಂದು ಅರಚಿದ. ಕೋಳಿಯ ಮೂಳೆ ಬಿಡಿಸುವ ಸಾಲಿನಲ್ಲಿ ಯಂತ್ರಗಳ ಗದ್ದಲ ಎಷ್ಟಿರುತ್ತದೆಂದರೆ ಬೈಯುವವನೂ ಹತ್ತಿರ ಬಂದೇ ಬೈಯಬೇಕು. ನಮ್ಮಲ್ಲಿ ಕಕ್ಕಸಿಗೆ ಹೋಗಬೇಕಾದವಳು ಕೈ ಎತ್ತಬೇಕು, ಮೇಸ್ತ್ರಿ ರಸ್ಟಿ ಅದನ್ನು ನೋಡುವ ಮನಸ್ಸು ಮಾಡಬೇಕು, ಅವಳ ಜಾಗಕ್ಕೆ ಬದಲಿ ಆಳು ಬರಬೇಕು. ಆ ಬದಲಿ ಆಳು ಇಡೀ ಶೆಡ್ಡಿಗೆ ಒಬ್ಬನೇ. ಅವನೂ ಬಹಳ ಸಲ ರಸ್ಟಿಗೆ ಸಿಗರೇಟು ತರಲು ಹೋಗಿರುತ್ತಿದ್ದ.

"ಬದ್ಲಿ ಬರ್ಲಿ ಅಂತ ಆಗ್ಲಿಂದ ಕಾಯ್ತಾ ಇವ್ನಿ," ಅಂದಳು ಫೆಲಿಪಾ.

"ಕಾಯಿ. ಬಿಗಿ ಹಿಡ್ಕೊ. ನಿಮ್ ದೇಶ್ದಲ್ಲಿ ಹಿಡ್ಕೊಳ್ಳೋದು ಕಲಿಸ್ಲಿಲ್ವಾ?"

ಅವಳ ದೇಶ ಗ್ವಾಟೆಮಾಲಾ. ಅಲ್ಲಿ ಏನು ಕಲಿಸುತ್ತಾರೋ ನನಗೆ ಗೊತ್ತಿಲ್ಲ. ನಾನು ಇದೇ ಜಾರ್ಜಿಯಾದ ಕೆಂಪು ಮಣ್ಣಲ್ಲಿ ಹುಟ್ಟಿದ ಕರಿಯವಳು, ಲೊರೆಟಾ ಪಿಕೆಟ್. ನನಗೂ ಯಾರೂ ಕಲಿಸಿರಲಿಲ್ಲ, ಕಾರ್ಖಾನೆಯೇ ಕಲಿಸಿತು. ಫೆಲಿಪಾ ತುಟಿ ಕಚ್ಚಿಕೊಂಡು ಇನ್ನಷ್ಟು ಕೋಳಿಗಳ ಭುಜ ಬಿಡಿಸಿದಳು. ಆಮೇಲೆ ಅವಳ ಕತ್ತಿ ಒಂದು ಕ್ಷಣ ನಿಂತಿತು. ರಬ್ಬರ್ ಬೂಟಿನೊಳಗೆ ಇಳಿದದ್ದು ಹೊರಗೆ ಯಾರಿಗೂ ಕಾಣಲಿಲ್ಲ, ಆದರೆ ಅವಳ ಪಕ್ಕದಲ್ಲಿ ನಿಂತವಳು ನಾನು. ಮಾರನೆಯ ದಿನ ಅವಳೂ ನಮ್ಮ ಹಾಗೇ ಡೈಪರ್ ಕಟ್ಟಿಕೊಂಡು ಬಂದಳು.

ನಮ್ಮಂಥ ಹಳಬರು ಇದನ್ನು ಹೊಟ್ಟೆಗೆ ಹಾಕಿಕೊಂಡು ಸುಮ್ಮನಿದ್ದೆವು. ಫೆಲಿಪಾ ಎಳೆಯ ಪ್ರಾಯದವಳು, ಪತ್ರಿಕೆ ಎಂದರೆ ನಿಜ ಬರೆಯುವುದು ಎಂದು ನಂಬಿದ್ದಳು. ಸೀದಾ 'ಕೌಂಟಿ ಬೆಲ್' ಆಫೀಸಿಗೆ ಹೋದಳು. ನಮ್ಮೂರು ಹ್ಯಾಡ್ಲಿ ಫೋರ್ಡಿನ ವಾರಪತ್ರಿಕೆ ಅದು. ಯಾರ ತೋಟದಲ್ಲಿ ದೊಡ್ಡ ಕುಂಬಳಕಾಯಿ ಬಿಟ್ಟಿತು, ಯಾರ ಮನೆಗೆ ಅಟ್ಲಾಂಟಾದಿಂದ ಸೋದರತ್ತೆ ಬಂದಳು ಎಂಬುದೆಲ್ಲ ಅದರಲ್ಲಿ ಚಿತ್ರದ ಸಮೇತ ಬರುತ್ತದೆ. ತಗಡಿನ ಟ್ರೇಲರ್ ಮನೆಗಳಲ್ಲಿ ಇರುವ ನಮ್ಮ ಹೆಸರು ಬರುವುದು ಪೊಲೀಸ್ ಸುದ್ದಿಯಲ್ಲಿ ಮಾತ್ರ. ಕೊನೆಯ ಪುಟ ಪೂರ್ತಿ ಕೋಳಿ ಕಾರ್ಖಾನೆಯ ಜಾಹೀರಾತು, ವರ್ಷವಿಡೀ.

ಸಂಪಾದಕ ಪ್ರೆಸ್ಕಾಟ್ ಲೈಲ್ ಬಹಳ ಮರ್ಯಾದಸ್ಥ. ಫೆಲಿಪಾಗೆ ಕುರ್ಚಿ ಕೊಟ್ಟ, ಕಾಫಿ ಕೊಟ್ಟ, ಅಯ್ಯೋ ಪಾಪ ಎಂದು ತಲೆಯಾಡಿಸುತ್ತ ಎಲ್ಲವನ್ನೂ ಬರೆದುಕೊಂಡ. ಹೆಸರು ಹೊರಗೆ ಬರುವುದಿಲ್ಲ ಎಂದ. ಅವಳು ಮೆಟ್ಟಿಲಿಳಿದ ಮೇಲೆ, ಎರಡೂ ಕಡೆಯವರನ್ನು ಕೇಳಬೇಕಲ್ಲ ಎಂದು ಕಾರ್ಖಾನೆಗೆ ಫೋನ್ ಮಾಡಿದ. ಯಾರು ಹೀಗೆ ಹೇಳಿದ್ದು ಎಂದು ಅವರು ಕೇಳಿದರು. ಕೇಳಿದ್ದಕ್ಕೆ ಉತ್ತರ ಕೊಡುವುದು ಸಭ್ಯತೆ ತಾನೆ, ಕೊಟ್ಟ. ಮರುದಿನ ಬೆಳಿಗ್ಗೆ ಕಾರ್ಖಾನೆಯ ಗೇಟಿನಲ್ಲಿ ಫೆಲಿಪಾಳ ಕಾರ್ಡಿಗೆ ಬಾಗಿಲು ತೆರೆಯಲಿಲ್ಲ.

ಅದಾದ ವಾರದಲ್ಲಿ ಮೂವರು ದೊಡ್ಡ ಮನುಷ್ಯರು ನಮ್ಮನ್ನು ನೋಡಲು ಬಂದರು. ಲೈಲ್ ಒಬ್ಬ, ಕ್ಯಾಮೆರಾ ನೇತುಹಾಕಿಕೊಂಡು. ಕೌಂಟಿ ಕಮಿಷನರ್ ಹೊಲ್ಲಿಸ್ ಗ್ರಿಂಡಲ್ ಸಾಹೇಬರು ಇನ್ನೊಬ್ಬರು, ಚುನಾವಣೆ ಹತ್ತಿರವಿದ್ದುದರಿಂದ ಅವರಿಗೆ ಆಗ ಎಲ್ಲರ ಕಷ್ಟವೂ ಕಾಣುತ್ತಿತ್ತು. ಮೂರನೆಯವನು ಡೂಲಿ, ನಮ್ಮ ರೇಡಿಯೋದ ಬೆಳಗಿನ ಬಾಯಿಬಡುಕ. ಮೂವರ ತಲೆಗೂ ಬಿಳಿ ಬಲೆ ಟೋಪಿ ಹಾಕಿಸಿ, ಮೊದಲೇ ತೊಳೆದು ಫಿನಾಯಿಲ್ ಹೊಡೆದಿದ್ದ ಕಕ್ಕಸಿನ ಮುಂದೆ ನಿಲ್ಲಿಸಿದರು. ಡೂಲಿ ನೀರು ಬಿಟ್ಟು ನೋಡಿ ಭೇಷ್ ಎಂದ. ಲೈಲ್ ಕಕ್ಕಸಿನ ಬಾಗಿಲಿನ ಫೋಟೋ ತೆಗೆದ. ಬಾಗಿಲಿಗೆ ಬೀಗವಿದೆ ಎಂದು ನಾವ್ಯಾರೂ ಹೇಳಿರಲೇ ಇಲ್ಲ.

ಹೊರಡುವ ಮುಂಚೆ ಲೈಲ್ ಮಿಸ್ ವರ್ನೆಲ್ ಹತ್ತಿರ ಬಂದ. ವರ್ನೆಲ್ ನಮ್ಮೆಲ್ಲರಿಗಿಂತ ಹಿರಿಯಳು, ಚರ್ಚಿನಲ್ಲಿ ಮುಂದಿನ ಬೆಂಚಿನವಳು, ಎದುರಿಗೆ ಅವಳನ್ನು ಮಿಸ್ ಸೇರಿಸದೆ ಯಾರೂ ಕರೆಯುವುದಿಲ್ಲ. ನಿಮಗೆ ಬೇಕೆಂದಾಗ ಹೋಗಲು ಬಿಡುತ್ತಾರಾ ಎಂದು ಕೇಳಿದ. ಪಕ್ಕದಲ್ಲೇ ರಸ್ಟಿ ನಿಂತಿದ್ದ.

"ಸಾಯಂಕಾಲ ನಮ್ಮನೆ ತಾವ ಬನ್ನಿ ಸರ್, ಕೂತ್ಕೊಂಡು ಹೇಳ್ತೀನಿ," ಅಂದಳು ವರ್ನೆಲ್.

ಅವನು ಬರಲಿಲ್ಲ. ಪತ್ರಿಕೆ ಬಂತು. ಮೊದಲ ಪುಟದಲ್ಲಿ ಕಕ್ಕಸಿನ ಬಾಗಿಲು, ಅದರ ಕೆಳಗೆ ದಪ್ಪಕ್ಷರದಲ್ಲಿ 'ಬಾಗಿಲು ತೆರೆದೇ ಇತ್ತು'. ಕೆಲಸ ಕಳೆದುಕೊಂಡ ಹೊರಗಿನವಳೊಬ್ಬಳು ಸೇಡಿಗಾಗಿ ಊರಿನ ಹೆಸರು ಕೆಡಿಸಿದ್ದಾಳೆ ಎಂದು ಬರೆದಿದ್ದ. ಅವಳು ದೂರು ಕೊಟ್ಟ ಮೇಲೆ ಕೆಲಸ ಹೋಯಿತೋ, ಕೆಲಸ ಹೋದ ಮೇಲೆ ದೂರು ಕೊಟ್ಟಳೋ ಎಂಬುದು ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿತ್ತು? ಡೂಲಿಯಂತೂ ಒಂದು ವಾರ ಅದನ್ನೇ ಅಗಿದ. ದಿನಾ ಬೆಳಿಗ್ಗೆ ಮಗು ಅಳುವ ಸದ್ದು ಹಾಕಿ, ಡೈಪರ್ ದಂಡಿನವರು ಎದ್ದಿರಾ ಎಂದು ಕೇಳುತ್ತಿದ್ದ. ಊರೆಲ್ಲ ಕಾಫಿ ಕುಡಿಯುತ್ತ ನಗುತ್ತಿತ್ತು.

ಫೆಲಿಪಾಗೆ ಊರಿನಲ್ಲಿ ತಲೆ ಎತ್ತಿ ನಡೆಯುವುದು ಕಷ್ಟವಾಯಿತು. ಬಟ್ಟೆ ಒಗೆಯುವ ಅಂಗಡಿಯಲ್ಲಿ ಅವಳು ಬಳಸಿದ ಯಂತ್ರಕ್ಕೆ ಹೆಂಗಸೊಬ್ಬಳು ಮೂಗು ಮುಚ್ಚಿಕೊಂಡು ಬಟ್ಟೆ ಹಾಕಲೊಲ್ಲೆ ಎಂದಳಂತೆ. ರೇಡಿಯೋಗೆ ಫೋನ್ ಮಾಡಿದರೆ ಅವಳ ಮಾತಿನ ಧಾಟಿ ಕೇಳಿದ ಕೂಡಲೇ ಇಡುತ್ತಿದ್ದರು. ನನ್ನ ಟ್ರೇಲರಿನ ಮೆಟ್ಟಿಲ ಮೇಲೆ ಕೂತು ಅತ್ತಳು.

"ಕೆಲ್ಸ ಹೋದ್ರೆ ಹೋಗ್ಲಿ ಕಣಕ್ಕ, ಇನ್ನೊಂದ್ ಕಡೆ ಸಿಗ್ತದೆ. ಇಡೀ ಕೌಂಟಿ ಮುಂದೆ ಸುಳ್ಳಿ ಅನ್ನುಸ್ಕೊಂಡ್ನಲ್ಲ. ಒಂದ್ಸಲ, ಒಂದೇ ಒಂದ್ಸಲ ಆ ಮೈಕು ಸಿಕ್ರೆ ಸಾಕು ನಂಗೆ."

ಆ ಮೈಕು ರೇಡಿಯೋ ಕೋಣೆ ಬಿಟ್ಟು ಹೊರಗೆ ಬರುವುದು ವರ್ಷಕ್ಕೊಮ್ಮೆ, ಅಗ್ನಿಶಾಮಕದವರ ತಿಂಡಿ ದಿನ. ಅವರ ಸಭಾಂಗಣದಲ್ಲಿ ಪ್ಯಾನ್‌ಕೇಕು, ಬಿಸ್ಕಿಟ್ಟು, ಸಾಸೇಜಿನ ಗ್ರೇವಿ ಮಾಡಿ ಬಡಿಸಿ ಚಂದಾ ಎತ್ತುತ್ತಾರೆ. ಡೂಲಿ ಅಲ್ಲಿಂದಲೇ ನೇರ ಪ್ರಸಾರ ಮಾಡುತ್ತಾನೆ. ಈ ವರ್ಷದ ವಿಷಯ 'ನಮ್ಮೂರಿನ ನಿಜ, ನಮ್ಮೂರಿನ ಗಾಳಿಸುದ್ದಿ'. ಯಾರು ಬೇಕಾದರೂ ಬಂದು ಮಾತಾಡಬಹುದು ಎಂದು ಸಾರಿದ್ದರು. ಹೋಗಿ ನೋಡಿದರೆ ಮೈಕು ವೇದಿಕೆಯ ಮೇಲಿನ ಮೇಜಿನಲ್ಲಿತ್ತು. ಅದರ ಸುತ್ತ ಡೂಲಿ, ಲೈಲ್, ಗ್ರಿಂಡಲ್ ಸಾಹೇಬರು ಕೂತಿದ್ದರು. ಮೆಟ್ಟಿಲ ಹತ್ತಿರ ನಿಂತಿದ್ದ ಪಹರೆಯವನು ಫೆಲಿಪಾಳ ಮುಖ ನೋಡಿ, ಪಟ್ಟಿ ತುಂಬಿದೆ ಎಂದ. ಪಟ್ಟಿ ಎಲ್ಲೂ ಇರಲಿಲ್ಲ.

ನಾವು ಮೂವತ್ತು ಮಂದಿ ಹೆಂಗಸರು ಬಂದಿದ್ದೆವು. ಅಂದು ನಮ್ಮದು ಎರಡನೇ ಪಾಳಿ, ಅಲ್ಲಿಂದಲೇ ಕೆಲಸಕ್ಕೆ ಹೋಗಬೇಕಿತ್ತು. ನಮ್ಮದೊಂದು ಚಾಳಿ ಇದೆ. ಎಲ್ಲಿಗೇ ಹೋಗಲಿ, ಮದುವೆಯಿರಲಿ ಮಣ್ಣಿರಲಿ, ಮೊದಲು ಕಕ್ಕಸು ಎಲ್ಲಿದೆ ನೋಡುತ್ತೇವೆ. ಬೇಕಿರಲಿ ಬೇಡದಿರಲಿ ಹೋಗಿ ಬರುತ್ತೇವೆ, ಮುಂದೆ ಬಿಡುತ್ತಾರೋ ಇಲ್ಲವೋ ಎಂಬ ಹೆದರಿಕೆ ಮೈಗೆ ಹತ್ತಿಬಿಟ್ಟಿದೆ. ಅವತ್ತೂ ತಟ್ಟೆ ಹಿಡಿಯುವ ಮುಂಚೆ ನಾವೆಲ್ಲ ಹೋಗಿ ಕಕ್ಕಸಿನ ಮುಂದೆ ಸಾಲು ನಿಂತೆವು. ಆ ಸಭಾಂಗಣದಲ್ಲಿ ನೆಟ್ಟಗಿದ್ದದ್ದು ಅದೊಂದೇ. ಗಂಡಸರದು ಕೆಟ್ಟು ಎರಡು ಚಳಿಗಾಲ ಕಳೆದಿತ್ತು. ರಿಪೇರಿಗೆ ದುಡ್ಡಿಲ್ಲ ಎಂದು ಬಜೆಟ್ಟಿನಲ್ಲಿ ಹೊಡೆದುಹಾಕಿದವರು ಗ್ರಿಂಡಲ್ ಸಾಹೇಬರೇ.

ಮೊದಲು ವರ್ನೆಲ್ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಮೈ ಹುಷಾರಿಲ್ಲವೇನೋ ಎಂದು ನಾನು ಬಾಗಿಲು ತಟ್ಟಿದೆ.

"ಚೆನ್ನಾಗಿವ್ನಿ ಕಣೆ," ಎಂದಳು ಒಳಗಿನಿಂದ. "ಸುಮ್ನೆ ಕುಂತಿವ್ನಿ. ಯಾರೂ ಕೂಗ್ದೆ ಇದ್ರೆ ಹೆಂಗಿರ್ತದೆ ಅಂತ ನೋಡ್ತಾ ಇವ್ನಿ."

ಸಾಲಿನಲ್ಲಿ ನಗು ಹರಿಯಿತು. ಆಮೇಲೆ ಹೋದವಳೂ ನಿಧಾನ ಮಾಡಿದಳು, ಅವಳ ಹಿಂದಿನವಳೂ ನಿಧಾನ ಮಾಡಿದಳು. ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಹೊರಗೆ ಬಂದವಳು ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಿದ್ದಳು. ವೇದಿಕೆಯ ಮೇಲೆ ಡೂಲಿ ಕಮಿಷನರ್ ಸಾಹೇಬರ ಲೋಟಕ್ಕೆ ಕಾಫಿ ಬಗ್ಗಿಸುತ್ತ, ಗಾಳಿಸುದ್ದಿ ಹೇಗೆ ಊರನ್ನು ಕೆಡಿಸುತ್ತದೆ ಎಂದು ಕೇಳುತ್ತಿದ್ದ. ಅವರು ಕುಡಿಯುತ್ತ ಉತ್ತರಿಸುತ್ತಿದ್ದರು.

ಹಾಡೊಂದನ್ನು ಹಾಕಿದಾಗ ಸಾಹೇಬರು ಇಳಿದು ಬಂದರು. ಎಪ್ಪತ್ತು ದಾಟಿದ ದೇಹ, ಬಿಳಿಯ ಪ್ಯಾಂಟು. ಸಾಲು ನೋಡಿ ನಕ್ಕರು.

"ಸ್ವಲ್ಪ ದಾರಿ ಬಿಡಿ ತಾಯಂದಿರಾ, ನಾನು ಮೈಕಿನ ಮುಂದೆ ಕೂತಿರೋನು, ಬೇಗ ಹೋಗ್ಬೇಕು."

ವರ್ನೆಲ್ ಸಾಲಿನಿಂದ ಅಲುಗಲಿಲ್ಲ. "ಕೈ ಎತ್ತಿ ನಿಂತ್ಕೊಳಿ ಸರ್. ಬದ್ಲಿ ಆಳು ಬಂದ್ಮೇಲೆ ಬುಡ್ತೀವಿ."

ಅವರು ತಮಾಷೆ ಎಂದುಕೊಂಡರು. ನಿಜವಾಗಿಯೂ ಕೈ ಎತ್ತಿದರು, ನಗುನಗುತ್ತ. ನಮ್ಮಲ್ಲಿ ಯಾರೂ ನಗಲಿಲ್ಲ. ಅವರ ಕೈ ನಿಧಾನವಾಗಿ ಕೆಳಗಿಳಿಯಿತು. ಅಷ್ಟರಲ್ಲಿ ಹಾಡು ಮುಗಿದು ಡೂಲಿ ಧ್ವನಿವರ್ಧಕದಲ್ಲಿ ಅವರ ಹೆಸರು ಹಿಡಿದು ಕರೆದ. ಅವರು ಹಾಗೇ ಹಿಂದಕ್ಕೆ ಹೋದರು.

ಎರಡನೇ ಸಲ ಬಂದಾಗ ನಗು ಇರಲಿಲ್ಲ, ಹಣೆ ಬೆವರಿತ್ತು. ಹೊರಗೆ ಹೋಗುವ ಹಾಗಿಲ್ಲ, ಮುಂದೆ ಚರ್ಚಿನ ಬಸ್ಸುಗಳು, ಹಿಂದೆ ಪ್ಯಾನ್‌ಕೇಕಿನ ಡೇರೆ, ಎಲ್ಲೆಲ್ಲೂ ಮತದಾರರು. ಈ ಸಲ ಲೈಲ್ ಕೂಡ ಜೊತೆಗೆ ಬಂದಿದ್ದ. ವಯಸ್ಸಾದವರ ಮೇಲೆ ಸ್ವಲ್ಪ ಕರುಣೆ ಬೇಡವೇ, ಮನುಷ್ಯರಲ್ಲವೇ ನೀವು ಎಂದು ಕೇಳಿದ. ಮನುಷ್ಯರು ಎಂಬ ಮಾತನ್ನು ಅವನ ಬಾಯಲ್ಲಿ ಕೇಳಿ ನನ್ನ ಮೈಯೆಲ್ಲ ಉರಿಯಿತು.

"ಒಳಗ್ ಯಾರೋ ಅವ್ರೆ," ಅಂದೆ ನಾನು. "ಫೆಲಿಪಾ ಅಂತ. ನಿಂಗೆ ಗೊತ್ತಲ್ಲ ಅವಳ ಹೆಸ್ರು, ಫೋನ್ ಮಾಡಿ ಹೇಳಿದ್ಯಲ್ಲ."

ಕಮಿಷನರು ಬಾಗಿಲ ಹಿಡಿ ಜಗ್ಗಿದರು. ಒಳಗಿನಿಂದ ಚಿಲಕ ಹಾಕಿತ್ತು. ಡೂಲಿ ಮತ್ತೆ ಕೂಗಿದ, ಯಾರೋ ಮತದಾರರ ಪ್ರಶ್ನೆ ಕಾಯುತ್ತಿದೆ ಎಂದ. ಅವರು ಕಾಲು ಕೂಡಿಸಿಕೊಂಡು ಸಣ್ಣ ಸಣ್ಣ ಹೆಜ್ಜೆ ಇಟ್ಟು ವೇದಿಕೆ ಹತ್ತಿದರು. ಆ ನಡಿಗೆ ನಮಗೆ ಚೆನ್ನಾಗಿ ಗೊತ್ತಿದ್ದದ್ದೇ. ನನಗೆ ಅವರ ಮೇಲೆ ಒಂದು ಚೂರೂ ಕನಿಕರ ಬರಲಿಲ್ಲ.

ಕೂರಲು ಬಗ್ಗಿದಾಗ ಆಯಿತು. ಬಿಳಿಯ ಪ್ಯಾಂಟಿನ ಮುಂಭಾಗ ತೊಯ್ದು, ಮಂಡಿಯವರೆಗೂ ಹರಿದು, ಹಲಗೆಯ ಮೇಲೆ ತೊಟ್ಟಿಕ್ಕಿತು. ಮುಂದಿನ ಸಾಲಿನವರ ಕೈಯಲ್ಲಿದ್ದ ಫೋರ್ಕುಗಳು ಹಾಗೇ ನಿಂತವು. ಡೂಲಿ ಬಗ್ಗಿಸುತ್ತಿದ್ದ ಕಾಫಿ ಲೋಟ ತುಂಬಿ ಮೇಜಿನ ಮೇಲೆ ಹರಿಯಿತು. ಲೈಲ್‌ನ ಕ್ಯಾಮೆರಾ ಅವನ ಹೊಟ್ಟೆಯ ಮೇಲೆ ನೇತಾಡುತ್ತಿತ್ತು, ಅದನ್ನು ಎತ್ತಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಫೆಲಿಪಾ ಹೊರಗೆ ಬಂದಳು. ಏನಾಗಿದೆ ಎಂದು ನೋಡಿದಳು. ನನ್ನ ಹತ್ತಿರ ಬಂದು, ನಿನ್ನ ಚೀಲ ಕೊಡಕ್ಕ ಎಂದಳು. ಚೀಲದಲ್ಲಿ ಅಂದಿನ ಪಾಳಿಗೆಂದು ನಾನು ಮಡಿಸಿಟ್ಟುಕೊಂಡದ್ದು ಇತ್ತು. ಸಭಾಂಗಣದಲ್ಲಿ ರಸ್ಟಿ ಹೆಂಡತಿ ಮಕ್ಕಳ ಜೊತೆ ಕೂತು ನನ್ನನ್ನೇ ನೋಡುತ್ತಿದ್ದ. ನಾನೇ ಅದನ್ನು ತೆಗೆದು ಎಲ್ಲರಿಗೂ ಕಾಣುವ ಹಾಗೆ ಅವಳ ಕೈಗೆ ಕೊಟ್ಟೆ.

ಮೆಟ್ಟಿಲ ಹತ್ತಿರದ ಪಹರೆಯವನೂ ಬಾಯಿ ತೆರೆದುಕೊಂಡು ಸಾಹೇಬರನ್ನೇ ನೋಡುತ್ತಿದ್ದ. ಫೆಲಿಪಾ ಅವನನ್ನು ದಾಟಿ ಮೇಲೆ ಹತ್ತಿದಳು. ಸಿರಪ್ ಬಾಟಲಿ ಸರಿಸಿ, ಮೇಜಿನ ಮೇಲೆ ಡೈಪರ್ ಇಟ್ಟಳು. ಮೈಕಿಗೆ ಬಾಯಿಟ್ಟು, ನಿಧಾನವಾಗಿ ಮಾತಾಡಿದಳು.

"ನಾನು ಫೆಲಿಪಾ ಶೊಕ್. ಇದು ಲೊರೆಟಕ್ಕಂದು, ಇವತ್ತು ಅವಳು ಕೆಲ್ಸಕ್ಕೆ ಕಟ್ಕೊಂಡು ಹೋಗ್ಬೇಕಾಗಿತ್ತು. ನಾನೂ ಕಟ್ಟಿವ್ನಿ. ಅಲ್ಲಿ ಸಾಲಲ್ಲಿ ನಿಂತವ್ರಲ್ಲ, ಅವ್ರೆಲ್ಲಾ ಕಟ್ತಾರೆ. ನಾನು ಸುಳ್ಳು ಹೇಳ್ಲಿಲ್ಲ."

ಡೂಲಿಗೆ ಆಗ ಪ್ರಜ್ಞೆ ಬಂತು. ತಡಕಾಡಿ ಯಾವುದೋ ಗುಂಡಿ ಒತ್ತಿದ. ಧ್ವನಿವರ್ಧಕದಿಂದ ಕೋಳಿ ಕಾರ್ಖಾನೆಯ ಜಾಹೀರಾತಿನ ಹಾಡು ಶುರುವಾಯಿತು. ನಮ್ಮ ಸಾಲು ಅಲುಗದೆ ನಿಂತಿತ್ತು. ಮೇಜಿನ ಹಿಂದೆ ಗ್ರಿಂಡಲ್ ಸಾಹೇಬರು ಯಾರ ಮುಖವನ್ನೂ ನೋಡದೆ ಕೈ ಚಾಚಿ ಆ ಡೈಪರನ್ನು ಎಳೆದುಕೊಂಡರು, ಅದರ ಮಡಿಕೆ ಬಿಡಿಸಿ ಒದ್ದೆ ತೊಡೆಯ ಮೇಲೆ ಹೊದಿಸಿಕೊಂಡು ಎರಡೂ ಕೈಯಿಂದ ಒತ್ತಿ ಹಿಡಿದು ಕೂತರು.