ಏಳನೇ ಮೇಜಿನ ಪುಸ್ತಕ

“ಗಂಡ ಕುಡಿದು ಹೋಗಿ ಗುಂಡಿಗೆ ಬಿದ್ದ ಅಂತ ಒಂದು ಹೆಬ್ಬೆಟ್ಟು ಒತ್ತೋಕೆ ನಿನಗೇನೇ ರೋಗ, ಮುಂಡೆ?”

ಉಪಮೇಯರ್ ಕಾಲ್ಚೆವ್ ಕಾರಿನಿಂದ ಇಳಿದಿರಲಿಲ್ಲ. ಕಿಟಕಿಯ ಗಾಜನ್ನು ಅರ್ಧ ಇಳಿಸಿ, ಕಾಗದ ಹಿಡಿದ ಕೈಯನ್ನಷ್ಟೇ ಚಳಿಗೆ ಚಾಚಿದ್ದ. ಪೆಂಬೆ ಗುಡಿಸುವುದನ್ನು ನಿಲ್ಲಿಸಲಿಲ್ಲ. ಹಿಮ ಹಿಡಿದ ಎಲೆಗಳು ಚೌಕದ ಕಲ್ಲಿಗೆ ಅಂಟಿಕೊಂಡಿದ್ದವು. ಎರಡೆರಡು ಸಲ ಕೆರೆದರೆ ಏಳುತ್ತಿದ್ದವು.

“ಅವ್ನು ಕುಡೀತಿರ್ನಿಲ್ಲ ಸ್ವಾಮಿ. ಹೊಟ್ಟೇಲಿ ಹುಣ್ಣಿತ್ತು.”

“ನಿಮ್ಮ ಕೇರಿಯಲ್ಲಿ ಕುಡಿಯದೇ ಇರೋನು! ಹುಟ್ಟಿದ ಕೂಡಲೇ ಮೊಲೆ ಬಿಟ್ಟು ಬಾಟ್ಲಿ ಹಿಡಿಯೋ ಜಾತಿ ನಿಮ್ದು.”

“ನೀವೇ ಅವತ್ತು ಅವ್ನ ಬಾಯಿ ಮೂಸಿದ್ರಿ. ವಾಸನೆ ಐತಾ ಅಂತ.”

ಕಾಲ್ಚೆವ್‌ನ ಕೈ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಆಮೇಲೆ ಅವನು ಕಾಗದವನ್ನು ಎಲೆಗುಡ್ಡೆಯ ಮೇಲೆ ಎಸೆದ.

“ಈ ತಿಂಗಳ ಕೊನೆಗೆ ನಿಮ್ಮೆಲ್ಲರ ಪೊರಕೆ ಒಪ್ಪಂದ ಮುಗಿಯುತ್ತೆ. ಹೊಸ ಪಟ್ಟಿ ಬರೆಯೋನು ನಾನು. ಶುಕ್ರವಾರದೊಳಗೆ ಹೆಬ್ಬೆಟ್ಟು ಬೀಳಬೇಕು. ಇನ್ನೊಂದು, ರಾಜಧಾನಿ ಸೋಫಿಯಾದಿಂದ ಬಂದಿರೋ ಆ ಹುಡುಗಿ ನಿನ್ನನ್ನೇ ಕೇಳ್ತಿದ್ದಾಳೆ. ಶುಕ್ರವಾರ ಏನೋ ಮಾನವ ಹಕ್ಕಂತೆ. ಮೈ ತೊಳ್ಕೊಂಡು ಹೋಗಿ ಕೂತ್ಕೋ. ಹಲ್ಲು ಕಾಣಿಸು. ಗುಂಡಿಯ ಸುದ್ದಿ ಎತ್ತಿದೆಯೋ, ನೀನೊಬ್ಬಳೇ ಅಲ್ಲ, ಕೇರಿಯ ಒಂದು ಹೆಸರೂ ಪಟ್ಟಿಯಲ್ಲಿ ಇರೋಲ್ಲ.”

ಗಾಜು ಏರಿತು. ಕಾರು ಹೋಯಿತು.

ಆಚೆ ಬದಿಯಲ್ಲಿ ಗುಡಿಸುತ್ತಿದ್ದ ಮುದುಕಿ ಗುಲ್ಯು ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುತ್ತ ಬಂದಳು. ಮೂವತ್ತು ವರ್ಷದಿಂದ ಈ ಚೌಕ ಗುಡಿಸಿದವಳು.

“ಏನಂದ ಆ ಹಂದಿಗೆ ಹುಟ್ಟಿದೋನು?”

“ಯಾಶಾರ್ ಕುಡ್ದು ಸತ್ತ ಅಂತ ಒತ್ತಬೇಕಂತೆ.”

“ಇವ್ನಪ್ಪ ಕುಡ್ದು ಇವ್ನವ್ವನ ಹಾಸಿಗೇನೇ ಮರ್ತು ಪಕ್ಕದ ಮನೆಗೋದ. ಅದ್ಕೆ ಯಾರ ಹೆಬ್ಬೆಟ್ಟು ಹಾಕ್ಸವ್ನೆ ಕೇಳು.” ಗುಲ್ಯು ಬಗ್ಗಿ ಕಾಗದ ಎತ್ತಿ, ಎಲೆ ಕೊಡವಿ, ಪೆಂಬೆಯ ಕೋಟಿನ ಜೇಬಿಗೆ ತುರುಕಿದಳು. “ಒತ್ತಬ್ಯಾಡ. ಎಸೀಲೂ ಬ್ಯಾಡ. ನನ್ನೆಸ್ರೂ ಅದೇ ಪಟ್ಟಿಲೈತೆ ಕಣೇ, ತಾಯಿ.”

ಹೇಳಿದ ಮೇಲೆ ಅವಳು ಪೆಂಬೆಯ ಮುಖ ನೋಡಲಿಲ್ಲ.

*

ಸೋಫಿಯಾದ ಹುಡುಗಿಯ ಹೆಸರು ವೆಲಿನಾ. ಬುಧವಾರ ಕೇರಿಗೆ ಬಂದಳು. ಕೆಸರಿನಲ್ಲಿ ಬೂಟು ಹೂತರೂ ಮುಖ ಕಿವಿಚಲಿಲ್ಲ, ಅದನ್ನು ಪೆಂಬೆ ಗಮನಿಸಿದಳು. ಕೊಟ್ಟ ಕಾಫಿಯನ್ನು ತಳದ ಗಸಿಯವರೆಗೂ ಕುಡಿದಳು.

“ಪೆಂಬೆ ಅಕ್ಕ, ಇದು ಭಾಷಣ ಅಲ್ಲ. ಒಂದು ಥರದ ಪುಸ್ತಕಾಲಯ. ಆದರೆ ಪುಸ್ತಕದ ಬದಲು ಮನುಷ್ಯರು. ನೀವೊಂದು ಮೇಜಿನ ಹತ್ತಿರ ಕೂತಿರ್ತೀರಿ. ಊರಿನವರು ಬಂದು ನಿಮ್ಮನ್ನ ಎರವಲು ತಗೊಂಡು ಓದ್ತಾರೆ. ಅಂದರೆ, ಪ್ರಶ್ನೆ ಕೇಳ್ತಾರೆ. ನೀವು ಹೇಳ್ತೀರಿ. ಗಂಟೆ ಹೊಡೆದಾಗ ಮುಗೀತು, ಮುಂದಿನವರು ಬರ್ತಾರೆ.”

“ನಂಗೆ ಒಂದಕ್ಷರ ಬರಾಕಿಲ್ಲವ್ವ. ನಾನು ಪುಸ್ತಕವಾ?” ಪೆಂಬೆ ನಕ್ಕುಬಿಟ್ಟಳು. ಅಕ್ಟೋಬರ್‌ನಲ್ಲಿ ಯಾಶಾರ್ ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಕ್ಕದ್ದಕ್ಕೆ ತಾನೇ ನಾಚಿ ಒಲೆಗೆ ಕಟ್ಟಿಗೆ ಹಾಕಿದಳು.

“ನನ್ನೂ ಪುಸ್ತಕ ಮಾಡವ್ವ,” ಅಂದಳು ಬಾಗಿಲಲ್ಲಿ ಕೂತಿದ್ದ ಗುಲ್ಯು. “ನಾನು ದಪ್ಪಂದು. ಮೂವರು ಗಂಡಂದಿರು, ಒಂದೊಂದು ಭಾಗಕ್ಕೊಬ್ಬ. ಮದ್ವೆ ರಾತ್ರಿ ಹಾಳೆ ಮಾತ್ರ ಯಾರೋ ಕಿತ್ಕೊಂಡೋಗವ್ರೆ.”

ವೆಲಿನಾ ಕೆಂಪಗಾಗಿ ನಕ್ಕಳು. ಆಮೇಲೆ ಚೀಲದಿಂದ ದಾರ ಪೋಣಿಸಿದ ರಟ್ಟೊಂದನ್ನು ತೆಗೆದು ಓದಿ ಹೇಳಿದಳು. “ಪ್ರತಿ ಪುಸ್ತಕಕ್ಕೂ ಒಂದು ಹೆಸರಿದೆ. ನಿಮ್ಮದು ‘ಪೊರಕೆ ಹಿಡಿದ ಕನಸು’. ಚೆನ್ನಾಗಿದೆಯಾ?”

ಕನಸಿನಲ್ಲೂ ಪೊರಕೆಯೇ ಏನು ಎಂದು ಕೇಳಬೇಕೆನ್ನಿಸಿತು ಪೆಂಬೆಗೆ. ಹುಡುಗಿಯ ಕಣ್ಣಿನ ಹೊಳಪು ನೋಡಿ ಕೇಳಲಿಲ್ಲ. ಬೇರೆ ಕೇಳಿದಳು.

“ಯಾಶಾರ್ ಎಂಗೆ ಸತ್ತ ಅಂತ ಯೋಳ್ಬೋದಾ?”

ವೆಲಿನಾ ಲೋಟವನ್ನು ಕೆಳಗಿಟ್ಟಳು. “ನೋವು ಹೇಳಬಹುದು ಅಕ್ಕ. ಹೇಳಲೇಬೇಕು. ಆದರೆ ಯಾರ ಹೆಸರನ್ನೂ ಬೇಡ. ಸಭಾಭವನ ಪುರಸಭೆಯದು, ಅವರು ಕೊಟ್ಟಿದ್ದಕ್ಕೇ ಇದೆಲ್ಲ ಆಗ್ತಿದೆ. ಒಂದೇ ಮೇಜಿಗೆ ಎಲ್ಲರೂ ಬರಲಿ ಅಂತ ನಾನು ಒಂದು ವರ್ಷದಿಂದ ಒದ್ದಾಡ್ತಿದ್ದೀನಿ. ಇದು ಜಗಳದ ಜಾಗ ಅಲ್ಲ, ಹತ್ತಿರ ಬರೋ ಜಾಗ.”

“ಹತ್ರಾನೇ ಇದ್ದೆನಲ್ಲವ್ವ,” ಅಂದಳು ಪೆಂಬೆ. “ಅವ್ನು ಸಾಯೋವಾಗ ಎರಡು ಮಾರು ದೂರದಾಗೆ ನಿಂತಿದ್ದೆ.”

ವೆಲಿನಾ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಹಳ ಹೊತ್ತು ಹಿಡಿದಿದ್ದಳು.

*

ಶುಕ್ರವಾರ ಸಭಾಭವನದಲ್ಲಿ ಒಂಬತ್ತು ಮೇಜು, ಒಂಬತ್ತು ಬಿಳಿ ಬಟ್ಟೆ. ಗೋಡೆಗೆ ಪಾರಿವಾಳದ ಚಿತ್ರಗಳು. ಒಂದನೇ ಮೇಜಿನ ಪುಸ್ತಕ ಗಾಲಿಕುರ್ಚಿಯವನು. ಅವನು ಬೆಳಗ್ಗೆಯಿಂದ ಹೊರಗೆ ಮೆಟ್ಟಿಲ ಕೆಳಗೇ ಇದ್ದ. ಕೊನೆಗೆ ಇಬ್ಬರು ಕಾವಲುಗಾರರು ಅವನನ್ನು ಆಲೂಗಡ್ಡೆ ಮೂಟೆಯ ಹಾಗೆ ಹೊತ್ತು ತಂದು ಕೂರಿಸಿದರು. ನಾಲ್ಕನೆಯದರಲ್ಲಿ ಸಿರಿಯಾದಿಂದ ಓಡಿಬಂದ ದರ್ಜಿ. ಏಳನೆಯದರಲ್ಲಿ ಪೆಂಬೆ, ಕೊರಳಲ್ಲಿ ರಟ್ಟು.

ಮೊದಲು ಬಂದವಳು ನಿವೃತ್ತ ಮೇಷ್ಟರಮ್ಮ, ನೀಲಿ ಕೋಟು. ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡು ಕೂತಳು.

“ಬೇಜಾರು ಮಾಡ್ಕೋಬೇಡಮ್ಮ, ಇಲ್ಲಿ ಏನು ಬೇಕಾದ್ರೂ ಕೇಳಬಹುದಂತೆ. ನೀವು ಯಾಕೆ ಇಷ್ಟೊಂದು ಹಡೀತೀರಿ?”

“ನಂಗೆ ಒಬ್ಳೇ ಮಗ್ಳು.”

“ಓ.” ಮೇಷ್ಟರಮ್ಮನಿಗೆ ಒಂದು ಲೆಕ್ಕ ತಪ್ಪಿದಂತಾಯಿತು. “ಮತ್ತೆ ಕರೆಂಟು ಕದೀತೀರಂತಲ್ಲ?”

“ಕಂಬವೇ ಇಲ್ವಲ್ಲ ಅಮ್ಮಾವ್ರೇ, ಎಲ್ಲಿಂದ ಕದೀಲಿ?”

ಗಂಟೆ ಹೊಡೆಯಿತು. ಇನ್ನೊಬ್ಬ ಬಂದ, ಗಡ್ಡದ ತರುಣ. ನಿಮ್ಮ ಅಲೆಮಾರಿ ಜನರ ಸ್ವಾತಂತ್ರ್ಯ ಕಂಡರೆ ತನಗೆ ಹೊಟ್ಟೆಕಿಚ್ಚು, ತನಗೂ ಎಲ್ಲ ಬಿಟ್ಟು ಗಾಡಿ ಹತ್ತಿ ಹೋಗಿಬಿಡಬೇಕೆನಿಸುತ್ತದೆ ಎಂದ. ಪೆಂಬೆ ಇಪ್ಪತ್ತೆರಡು ವರ್ಷದಿಂದ ಅದೇ ಚೌಕ ಗುಡಿಸುತ್ತಿದ್ದಳು. ಹೂಂ ಅಂದಳು. ಕೋಟಿನ ಜೇಬಿನಲ್ಲಿದ್ದ ಕಾಗದ ಉಸಿರಾಡಿದಾಗಲೆಲ್ಲ ಸರಬರ ಎನ್ನುತ್ತಿತ್ತು.

ಮೂರನೇ ಸಲ ಗಂಟೆ ಹೊಡೆದಾಗ ಟೀವಿಯವರು ಬಂದರು. ಜೊತೆಗೆ ಕಾಲ್ಚೆವ್, ಕಪ್ಪು ಉಣ್ಣೆ ಕೋಟು, ಎದೆಯ ಮೇಲೆ ಬಿಳಿ ರಿಬ್ಬನ್. ರಾಯಭಾರ ಕಚೇರಿಯ ಇಬ್ಬರು ಅತಿಥಿಗಳು ಹಿಂದೆ. ವೆಲಿನಾ ಅವನನ್ನು ನೇರ ಏಳನೇ ಮೇಜಿಗೆ ಕರೆತಂದಳು. ಅವನು ಕೂತು, ಕ್ಯಾಮೆರಾ ಕಡೆಯ ಕೆನ್ನೆಯಲ್ಲಿ ನಕ್ಕು, ಈ ಕಡೆಯ ಬಾಯಿಂದ ಮೆಲ್ಲಗೆ ಕೇಳಿದ.

“ಒತ್ತಿದ್ಯಾ?”

ಪೆಂಬೆ ಕೋಟಿನ ಜೇಬಿನ ಮೇಲೆ ಕೈ ಇಟ್ಟಳು.

“ಆಮೇಲೆ ಶಾಯಿ ತರಿಸ್ತೀನಿ. ಇಲ್ಲೇ ಒತ್ತಿ ಹೋಗು.”

“ಸರ್, ಒಂದು ಪ್ರಶ್ನೆ ಕೇಳಿ, ಚಿತ್ರೀಕರಣಕ್ಕೆ,” ಅಂದಳು ಟೀವಿಯ ಹೆಂಗಸು. ಪ್ರಶ್ನೆ ಹೊಳೆಯದವರಿಗೆಂದು ಮೇಜಿನ ಮೇಲೆ ಅಚ್ಚು ಹಾಕಿದ ಚೀಟಿಗಳಿದ್ದವು. ಕಾಲ್ಚೆವ್ ಮೇಲಿನದನ್ನು ಎತ್ತಿ, ಮೊದಲೇ ಓದಿಕೊಳ್ಳದೆ, ದೊಡ್ಡ ದನಿಯಲ್ಲಿ ಓದಿದ.

“ನಿಮ್ಮ ಕುಟುಂಬದ ಬಗ್ಗೆ ನಮಗೆ ಹೇಳುತ್ತೀರಾ?”

ಓದಿ ಮುಗಿಸಿದ ಮೇಲೆ ಅವನ ನಗು ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು, ತೆಗೆದಿಡಲು ಮರೆತ ಟೋಪಿಯ ಹಾಗೆ.

ಪೆಂಬೆ ಗುಲ್ಯುವಿನ ಕಡೆ ನೋಡಿದಳು. ಚಹಾ ಕೊಡುವ ಕೆಲಸಕ್ಕೆ ಬಂದಿದ್ದ ಮುದುಕಿ ಬಾಗಿಲ ಬಳಿ ಲೋಟ ಒರೆಸುತ್ತಿದ್ದವಳು ಕೈ ನಿಲ್ಲಿಸಿದ್ದಳು. ಹಾಗೇ ಒಂದು ಸಲ ಗದ್ದ ಎತ್ತಿದಳು, ಯೋಳು ಅನ್ನುವಂತೆ.

“ನಂಗೊಬ್ಬ ಗಂಡ ಇದ್ದ. ಯಾಶಾರ್ ಅಂತ,” ಅಂದಳು ಪೆಂಬೆ. “ಈ ಭವ್ನದ ಹಿಂದ್ಗಡೆ ಅಂಗ್ಳದಾಗೆ ಒಂದು ಗುಂಡಿ ಐತೆ. ಅಕ್ಟೋಬರ್‌ನಾಗೆ ಕಟ್ಕೊಂಡು ಇಲ್ಲಿ ಕಕ್ಕಸೆಲ್ಲ ಮೇಲಕ್ಕುಕ್ತು. ಕೊಳೆ ಹೀರ್ಕೊಳೋ ಗಾಡಿ ಕೆಟ್ಟಿತ್ತು. ಈ ಸ್ವಾಮೇರು ಬಂದು ಯಾಶಾರ್‌ನ ಕರ್ದ್ರು. ಮೂತಿಗೆ ಹಾಕೋದು ಕೊಡಿ ಅಂದ. ಐದ್ನಿಮಿಷದ ಕೆಲ್ಸಕ್ಕೆ ಅದ್ಯಾಕಲೇ ಅಂದ್ರು. ಹಗ್ಗ ಕೇಳ್ದ. ಹಗ್ಗ ಹಾಕಿ ಕಟ್ಟೋಕೆ ನೀನೇನು ಎಮ್ಮೆಯಾ ಅಂದ್ರು. ಅಂಗಿ ಬಿಚ್ಚಿ ನನ್ ಕೈಗೆ ಕೊಟ್ಟ.”

“ಪ್ರಶ್ನೆ ಅದಲ್ಲಮ್ಮ...”

“ಕುಟುಂಬ ಕೇಳಿದ್ರಲ್ಲ ಸ್ವಾಮಿ. ಕುಟುಂಬಾನೇ ಯೋಳ್ತಿವ್ನಿ. ಆರು ಮೆಟ್ಲು ಇಳ್ದ. ಪೆಂಬೆ, ಕಣ್ಣು ಉರೀತದೆ ಅಂದ. ಮ್ಯಾಕೆ ಬಾ ಅಂದೆ. ಬಾ ಅನ್ನಾದ್ರೊಳಗೆ ಕೈ ಬುಟ್ಟ. ನಾನು ಇಳ್ಯಾಕೋದೆ, ನಮ್ ಕೇರಿ ರೆಮ್ಜಿ ನನ್ ಕೂದ್ಲು ಇಡ್ದು ಎಳ್ದ. ಬೆಂಕಿಯೋರ ಗಾಡಿ ಪಕ್ಕದೂರಿಂದ ಬರ್ಬೇಕು. ಬರಾಗಂಟ ಈ ಸ್ವಾಮೇರು ಕಾರ್ನಾಗೆ ಹೋಗಿ ಕೂತ್ರು. ನಾನು ಕಿರುಚ್ತಿದ್ದೆ. ಗಾಜು ಏರ್ಸಿದ್ರು.”

ಗಂಟೆ ಹೊಡೆಯಿತು. ಯಾವ ಮೇಜಿನಿಂದಲೂ ಯಾರೂ ಏಳಲಿಲ್ಲ.

ನೀಲಿ ಕೋಟಿನ ಮೇಷ್ಟರಮ್ಮ ಹಿಂದೆ ನಿಂತಿದ್ದಳು. “ಇದು ನಿಜವಾ, ಕಾಲ್ಚೆವ್?”

ಕಾಲ್ಚೆವ್ ಎದ್ದು ಕೋಟು ಕೊಡವಿದ. “ದುಃಖದಲ್ಲಿದ್ದಾಳೆ ಪಾಪ. ವರದಿ ಇದೆ ಮೇಡಂ. ಕುಡಿದಿದ್ದ, ಎದೆ ನಿಂತಿತು. ಗುಂಡಿಯ ಗಾಳಿಯನ್ನ ಪರೀಕ್ಷೆ ಮಾಡಿಸಿದ್ದೀವಿ. ಯಾವ ದೋಷವೂ ಇಲ್ಲ. ಗಾಳಿ ಚೆನ್ನಾಗೇ ಇದೆ.”

“ಗಾಳಿ ಚೆಂದಾಗೈತಾ?” ಅಂದಳು ಪೆಂಬೆ.

ರಟ್ಟನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟಳು. ಎದ್ದು ಹಿಂಬಾಗಿಲಿನ ಕಡೆ ನಡೆದಳು. ಗುಲ್ಯು ಚಹಾದ ಲೋಟಗಳನ್ನು ಅಲ್ಲೇ ಬಿಟ್ಟು, ಹೊರಗೆ ನಿಂತಿದ್ದ ಗುಡಿಸುವವರ ತಳ್ಳುಗಾಡಿಯಿಂದ ಕಬ್ಬಿಣದ ಕೊಕ್ಕೆ ಎಳೆದುಕೊಂಡಳು.

*

ಅಂಗಳದಲ್ಲಿ ಸಂಜೆಗೆ ಹಾರಿಸುವ ಬಿಳಿ ಬಲೂನುಗಳನ್ನು ಬಲೆಯಲ್ಲಿ ಕಟ್ಟಿಟ್ಟಿದ್ದರು. ಬಿಳಿ ಬಟ್ಟೆ ಹಾಸಿದ ಉದ್ದ ಮೇಜಿನ ಮೇಲೆ ಬಿಸಿ ಬಾನಿತ್ಸ, ಗಿಣ್ಣು ತುಂಬಿದ ಪದರ ರೊಟ್ಟಿ. ಪುರಸಭೆಯ ಮೂವರು ಆಳುಗಳು ಕುರ್ಚಿ ಹೊರುತ್ತಿದ್ದರು, ಮೂವರೂ ಕೇರಿಯವರು. ಅವರಲ್ಲೊಬ್ಬ ರೆಮ್ಜಿ.

ಗುಂಡಿಯ ಕಬ್ಬಿಣದ ಮುಚ್ಚಳಕ್ಕೆ ಒಂದು ವರಸೆಯಿದೆ. ಬರೀ ಎಳೆದರೆ ಏಳುವುದಿಲ್ಲ. ಒಬ್ಬರು ಅಂಚಿಗೆ ಹಿಮ್ಮಡಿಯಿಂದ ಒದೆಯಬೇಕು, ಆ ಕ್ಷಣಕ್ಕೇ ಇನ್ನೊಬ್ಬರು ಕೊಕ್ಕೆಯನ್ನು ಮೀಟಬೇಕು. ಪೆಂಬೆ ಒದ್ದಳು, ಗುಲ್ಯು ಮೀಟಿದಳು. ಕಬ್ಬಿಣ ಕಲ್ಲಿನ ಮೇಲೆ ಕಿರ್ರೆಂದು ಸರಿಯಿತು.

ವಾಸನೆ ಏಳಲು ತಡವಾಗಲಿಲ್ಲ. ಮೊದಲು ಬಾನಿತ್ಸದ ಮೇಜಿನವರು ಮೂಗು ಮುಚ್ಚಿದರು. ರಾಯಭಾರ ಕಚೇರಿಯವನೊಬ್ಬ ಗೋಡೆಗೆ ಕೈ ಊರಿ ಓಕರಿಸಿದ. ಗಡ್ಡದ ತರುಣ ಬಾಗಿಲಿಂದಲೇ ಹಿಂದಕ್ಕೆ ಹೋದ. ಮೇಷ್ಟರಮ್ಮ ಹೋಗಲಿಲ್ಲ. ಕೊರಳ ವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿ ನಿಂತಿದ್ದಳು.

ವೆಲಿನಾ ಓಡಿ ಬಂದು ಪೆಂಬೆಯ ತೋಳು ಹಿಡಿದಳು. “ಅಕ್ಕ, ದಯವಿಟ್ಟು. ಇವತ್ತು ಬೇಡ.”

“ಇವತ್ತೇನವ್ವ?”

“ಇವತ್ತು ಮಾನವ ಹಕ್ಕುಗಳ ದಿನ.”

ಪೆಂಬೆ ಅವಳನ್ನೇ ನೋಡಿದಳು. ಸಿಟ್ಟಿನಿಂದಲ್ಲ. ಅವಳಿನ್ನೇನೋ ಹೇಳಬಹುದು ಎಂದು ಕಾಯುವವಳ ಹಾಗೆ ನೋಡಿದಳು. ವೆಲಿನಾಳ ಕೈ ತಾನಾಗಿ ಜಾರಿತು.

“ಮುಚ್ರೋ!” ಕಾಲ್ಚೆವ್ ಕೂಗಿದ. “ಏಯ್ ರೆಮ್ಜಿ, ಮುಚ್ಚೋ ಅದನ್ನ!”

ರೆಮ್ಜಿ ತಾನು ಹೊತ್ತಿದ್ದ ಕುರ್ಚಿಯನ್ನು ಇಳಿಸಿದ. ಅದರ ಕಾಲು ಅಲುಗುತ್ತದೆಯೇ ಎಂದು ಒತ್ತಿ ನೋಡಿದ. ಆಮೇಲೆ ಅದರ ಮೇಲೆ ಕೂತ.

“ಲೇ, ಮಂಗ್ಯಾ, ನಿನಗೇ ಹೇಳಿದ್ದು!”

ಇನ್ನಿಬ್ಬರೂ ಕುರ್ಚಿ ಇಳಿಸಿದರು. ಅವರೂ ಕೂತರು. ಒಬ್ಬ ಜೇಬಿನಿಂದ ಸಿಗರೇಟು ತೆಗೆದ. ರೆಮ್ಜಿ ಅವನ ಕೈ ಹಿಡಿದು, “ಹಚ್ಚಬ್ಯಾಡ, ಗುಂಡಿ ಗಾಳಿ ಹೊತ್ಕೊಂಡ್ಬುಡ್ತದೆ,” ಅಂದ. ಅವನು ಸಿಗರೇಟನ್ನು ಹಚ್ಚದೆಯೇ ತುಟಿಯಲ್ಲಿಟ್ಟುಕೊಂಡ.

“ಒಂದನೇ ತಾರೀಖಿಂದ ನಿಮ್ಮಲ್ಲಿ ಒಬ್ಬನೂ, ಒಬ್ಬ ಸೂಳೆಮಗನೂ ಈ ಊರಲ್ಲಿ ಪೊರಕೆ ಮುಟ್ಟೋಲ್ಲ! ಕೇಳಿಸ್ತಾ?”

“ಕೇಳುಸ್ತು ಸ್ವಾಮಿ,” ಅಂದಳು ಗುಲ್ಯು. “ಕಿವಿ ಐತೆ. ಮುಚ್ಚಾಕೆ ಕೈ ಇಲ್ಲ.”

ಕಾವಲುಗಾರರು ಅಂಗಳದ ಗೇಟಿನ ಬಳಿ ನಿಂತಿದ್ದರು. ಕಾಲ್ಚೆವ್ ಅವರತ್ತ ತಿರುಗಿದ. ಒಬ್ಬ ಆಕಾಶ ನೋಡಿದ, ಇನ್ನೊಬ್ಬ ಫೋನು ನೋಡಿದ. ಟೀವಿಯವಳು ಕ್ಯಾಮೆರಾದವನಿಗೆ ಸಾಕು ಅನ್ನುವಂತೆ ಕೈ ಮಾಡಿದಳು. ಅವನು ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ.

ಕಾಲ್ಚೆವ್ ತಾನೇ ಬಂದ. ಚರ್ಮದ ಕೈಗವಸಿನ ಬೆರಳುಗಳನ್ನು ಮುಚ್ಚಳದ ಅಂಚಿಗೆ ಹಾಕಿ ಎಳೆದ. ಜಾರಿತು. ಕೈಗವಸು ಕಳಚಿ ಎಸೆದು ಮತ್ತೆ ಎಳೆದ. ಕಬ್ಬಿಣ ಒಂದು ಗೇಣು ಸರಿದು ನಿಂತಿತು. ಅವನಿಗೆ ವರಸೆ ಗೊತ್ತಿರಲಿಲ್ಲ. ಕೊಕ್ಕೆ ಈಗ ಪೆಂಬೆಯ ಕೈಯಲ್ಲಿತ್ತು, ಅವಳು ಅದನ್ನು ನೆಲಕ್ಕೂರಿ ಅದರ ಮೇಲೆ ಭಾರ ಹಾಕಿ ನಿಂತಿದ್ದಳು. ಕೊನೆಗೆ ಅವನು ಒದ್ದೆ ಕಲ್ಲಿನ ಮೇಲೆ ಎರಡೂ ಮೊಣಕಾಲು ಊರಿದ. ಬಗ್ಗಿದ. ಎದೆ ಗುಂಡಿಯ ಬಾಯಿಗೆ ಬಂತು. ಬಾಯಿ ಬಿಗಿದು, ಕೆನ್ನೆ ಉಬ್ಬಿಸಿ, ಉಸಿರು ಕಟ್ಟಿಕೊಂಡು ತಳ್ಳತೊಡಗಿದ. ಹಣೆಯ ನರ ಎದ್ದಿತು. ಬಿಳಿ ರಿಬ್ಬನ್ ಕತ್ತಲೊಳಗೆ ಜೋತುಬಿತ್ತು.

ಯಾರೂ ನಗಲಿಲ್ಲ.

ಪೆಂಬೆ ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಅವನ ಕಿವಿಯ ಹತ್ತಿರಕ್ಕೆ ಬಗ್ಗಿ, ಮಗುವಿಗೆ ಹೇಳುವಷ್ಟು ಮೆಲ್ಲಗೆ ಹೇಳಿದಳು.

“ಉಸ್ರು ಎಳ್ಕೊಳಿ ಸ್ವಾಮಿ.”